ಸೋಮಾರಿ ಬೆರಳು ಓದಿದ ಕೀರ್ತನೆ

ನಮ್ಮ ದೊಡ್ಡಪ್ಪನ ಎಡಗೈಯ ಕಿರುಬೆರಳಿನಷ್ಟು ಸೋಮಾರಿ ಬೆರಳನ್ನು ನಾನು ಬೇರೆಲ್ಲೂ ಕಂಡಿಲ್ಲ. ನಲವತ್ತು ವರ್ಷ ಗಾರೆ ಕೆಲಸ ಮಾಡಿದ ಮನುಷ್ಯ ಅವರು. ಬಲಗೈಯಲ್ಲಿ ಕರಣೆ, ಎಡಗೈಯಲ್ಲಿ ಇಟ್ಟಿಗೆ. ಆ ಇಟ್ಟಿಗೆಯನ್ನು ನಾಲ್ಕು ಬೆರಳು ಹಿಡಿದರೆ ಐದನೆಯದು ಮಾತ್ರ ತನಗೂ ಅದಕ್ಕೂ ಸಂಬಂಧವೇ ಇಲ್ಲವೆಂಬಂತೆ ಹೊರಗೆ ಚಾಚಿಕೊಂಡಿರುತ್ತಿತ್ತು. ಟೀ ಲೋಟ ಹಿಡಿದಾಗಲೂ ಅಷ್ಟೇ. "ನೋಡೇ, ದೊರೆಗಳು ಟೀ ಕುಡೀತಿದಾರೆ" ಎಂದು ದೊಡ್ಡಮ್ಮ ರೇಗಿಸುತ್ತಿದ್ದಳು.

ಕೆಲಸದವರು ಅವರಿಗೆ ಇಟ್ಟ ಹೆಸರು ರಸಮಟ್ಟ. ಉಳಿದ ಮೇಸ್ತ್ರಿಗಳು ರಸಮಟ್ಟ ಇಟ್ಟು, ಗುಳ್ಳೆ ನಡುವೆ ನಿಂತಿತೇ ಎಂದು ನೋಡಿ ಸಮ ತಿಳಿದುಕೊಂಡರೆ, ಇವರು ಒಂದು ಕಣ್ಣು ಮುಚ್ಚಿ ನೋಡಿ "ಎಡಗಡೆ ಅರ್ಧ ಬೆರಳು ಇಳಿದಿದೆ" ಎನ್ನುತ್ತಿದ್ದರು. ಅಳೆದು ನೋಡಿದರೆ ಅರ್ಧ ಬೆರಳೇ ಇರುತ್ತಿತ್ತು. ಅಂಥ ಕಣ್ಣು ಐವತ್ತೆಂಟನೆಯ ವಯಸ್ಸಿಗೆ ಹೋಯಿತು. ಒಳಗೆ ಒತ್ತಡ ಹೆಚ್ಚಿ ನರ ಒಣಗಿದೆ, ಇನ್ನು ಮಾಡುವಂಥದ್ದೇನಿಲ್ಲ ಎಂದರು ಡಾಕ್ಟರು. ದೊಡ್ಡಪ್ಪ ಮನೆಗೆ ಬಂದು, ತಾವೇ ಕಟ್ಟಿದ ಗೋಡೆಗೆ ಮುಖ ಮಾಡಿ ಮಲಗಿದರು. ನಾಲ್ಕು ತಿಂಗಳು ಹಾಗೇ ಕಳೆದವು. ಉಣ್ಣಿ ಎಂದರೆ ಉಂಡರು, ಏಳಿ ಎಂದರೆ ಮಾತ್ರ ಏಳಲಿಲ್ಲ.

ಆಗ ದೊಡ್ಡಮ್ಮ ದಿನವೂ ಸಂಜೆ ಅವರ ಪಕ್ಕ ಕುಳಿತು ಸತ್ಯವೇದ ಓದತೊಡಗಿದಳು. ನಿಜ ಹೇಳಬೇಕೆಂದರೆ, ಕಣ್ಣಿದ್ದ ಕಾಲದಲ್ಲಿ ದೊಡ್ಡಪ್ಪ ಆ ಪುಸ್ತಕದ ಧೂಳು ಕೂಡ ಒರೆಸಿದವರಲ್ಲ. ನಮ್ಮ ಚರ್ಚಿನ ಸಭೆಯಲ್ಲಿ ತಿಂಗಳ ಮೊದಲ ಭಾನುವಾರ ಒಬ್ಬರು ಎದ್ದು ತಮಗೆ ಇಷ್ಟವಾದ ಭಾಗ ಓದಿ, ದೇವರಿಗೆ ಯಾಕೆ ಸ್ತೋತ್ರ ಹೇಳುತ್ತೇನೆಂದು ನಾಲ್ಕು ಮಾತಾಡಬೇಕು. ದೊಡ್ಡಪ್ಪನ ಸರದಿ ಬಂದಾಗಲೆಲ್ಲ ಎಲ್ಲೋ ಕಲಸಿಟ್ಟ ಗಾರೆ ಒಣಗಿ ಹೋಗುತ್ತಿರುತ್ತಿತ್ತು! ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ ಅನ್ನುತ್ತಾರಲ್ಲ, ಹಾಗಾಯಿತು.

ದೊಡ್ಡಮ್ಮ ಓದುವ ರೀತಿಯೂ ಒಂದು ತಮಾಷೆ. ನಾನು ಮಹಡಿಯಲ್ಲಿ ಬಟ್ಟೆ ಹೊಲಿಯುತ್ತ ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದೆ. "ಜ್ಞಾನಿಯು ಬುದ್ಧಿಮಾತಿಗೆ ಕಿವಿಗೊಡುತ್ತಾನೆ, ಹೆಂಡತಿ ಕೊಟ್ಟ ಮಾತ್ರೆಯನ್ನು ಹೊತ್ತಿಗೆ ಸರಿಯಾಗಿ ನುಂಗುತ್ತಾನೆ" ಎಂದು ಒಂದೇ ರಾಗದಲ್ಲಿ ಓದಿಬಿಡುತ್ತಿದ್ದಳು.

"ಇದು ವೇದದಲ್ಲಿದೆಯಾ?" ಎಂದು ದೊಡ್ಡಪ್ಪನಿಗೆ ಅನುಮಾನ.

"ಇಲ್ಲದೆ ನಾನು ಓದ್ತೀನಾ? ನುಂಗಿ."

ಒಂದು ಸಂಜೆ ಅವಳು ಒಂದು ಸ್ತುತಿ ಕೀರ್ತನೆ ಓದಿದಳು. ದೇವರು ಮಾಡಿದ ಉಪಕಾರಗಳನ್ನೆಲ್ಲ ಒಂದೊಂದಾಗಿ ನೆನೆದು ಹಾಡುವ ಕೀರ್ತನೆ ಅದು. ಅದರ ನಡುವೆ ಒಂದು ಮಾತು ಬಂತು: "ಎದ್ದೇಳು, ನಿನ್ನ ಕೈಗಳಿಂದ ನನಗೆ ಇನ್ನೂ ಕೆಲಸವಿದೆ." ದೊಡ್ಡಪ್ಪ ಮಗ್ಗುಲು ಬದಲಿಸಿದರು. "ಇನ್ನೊಂದು ಸಲ ಓದು" ಎಂದರು. ಮಾರನೆಯ ಬೆಳಿಗ್ಗೆ ಅಂಗಿ ಕೇಳಿ ಹಾಕಿಕೊಂಡು, ನನ್ನ ಭುಜ ಹಿಡಿದು, ತಮ್ಮ ಹಳೆಯ ಕೆಲಸಗಾರರು ಕಟ್ಟುತ್ತಿದ್ದ ಮನೆಗೆ ಹೋದರು. ಹೊಸ ಗಿಲಾವಿನ ಮೇಲೆ ಅಂಗೈ ಸವರಿ "ಇಲ್ಲಿ ಉಬ್ಬಿದೆ, ಕೆರೀರೋ" ಎಂದು ಗದರಿದರು. ಬೈಗುಳ ಕೇಳಿ ಅಷ್ಟು ಖುಷಿಪಟ್ಟ ಕೆಲಸಗಾರರನ್ನು ನಾನು ಮೊದಲ ಸಲ ನೋಡಿದ್ದು. ಅಂದಿನಿಂದ ಎಲ್ಲೇ ಗೋಡೆ ಮುಗಿಯಲಿ, ಇವರ ಅಂಗೈ ಹೂಂ ಅನ್ನಬೇಕು.

ಎರಡು ವರ್ಷ ಹೀಗೇ ನಡೆಯಿತು. ಆಮೇಲೆ ನಮ್ಮ ಸಭೆಯ ಕೋಣೆಗೆ ಪ್ರತಿ ಗುರುವಾರ ಒಬ್ಬ ಬ್ರೈಲ್ ಟೀಚರಮ್ಮ ಬರತೊಡಗಿದರು. ಅವರಿಗೂ ಕಣ್ಣಿಲ್ಲ, ಅದೂ ಹುಟ್ಟಿನಿಂದಲೇ. ಉಬ್ಬು ಚುಕ್ಕೆಗಳನ್ನು ಮುಟ್ಟಿ ನಮಗಿಂತ ಬೇಗ ಓದುತ್ತಾರೆ. ದೊಡ್ಡಪ್ಪ ಹಟ ಹಿಡಿದರು. "ಎದ್ದೇಳು ಅಂತ ದೇವರು ನನಗೆ ಹೇಳಿದ ಮಾತಿದೆಯಲ್ಲ, ಅದನ್ನ ನನ್ನ ಕೈಯಿಂದಲೇ ಮುಟ್ಟಬೇಕು. ಮುಟ್ಟಿ, ಸಭೇಲಿ ಎದ್ದು ಓದಿ ಸ್ತೋತ್ರ ಹೇಳಬೇಕು."

"ಯಾಕ್ರೀ, ನನ್ನ ಗಂಟಲೇನು ಸವೆದು ಹೋಗಿದೆಯಾ?" ಎಂದಳು ದೊಡ್ಡಮ್ಮ. ಅದರಲ್ಲಿ ರೇಗುವುದಕ್ಕೇನಿದೆ ಎಂದು ನನಗೆ ಆಗ ತಿಳಿಯಲಿಲ್ಲ.

ಕಲಿಯುವುದೇನು ಸುಲಭವಾಗಿತ್ತೇ? ಸುಣ್ಣ, ಸಿಮೆಂಟು ತಿಂದು ಜಡ್ಡುಗಟ್ಟಿದ ಬೆರಳುಗಳು. ನಾಲ್ಕು ಗುರುವಾರ ಹಾಳೆ ಉಜ್ಜಿ ಉಜ್ಜಿ, "ಒರಟು ಗಿಲಾವು ಟೀಚರಮ್ಮ, ಇನ್ನೇನೂ ಗೊತ್ತಾಗ್ತಿಲ್ಲ" ಎಂದರು. ಟೀಚರಮ್ಮ ಅವರ ಎರಡೂ ಕೈ ಹಿಡಿದು ಬೆರಳನ್ನು ಒಂದೊಂದಾಗಿ ಒತ್ತಿ ನೋಡುತ್ತ ಎಡಗೈಯ ಕೊನೆಗೆ ಬಂದು ನಕ್ಕರು. "ಇದೇನು ಮೇಸ್ತ್ರಿಗಳೇ, ಈ ಬೆರಳು ಮಗೂದಿದ್ದಂಗಿದೆ!" ಜೀವಮಾನವಿಡೀ ಕೆಲಸ ತಪ್ಪಿಸಿಕೊಂಡ ಆ ಕಿರುಬೆರಳು ಮೂರು ತಿಂಗಳಲ್ಲಿ ಅಕ್ಷರವನ್ನೆಲ್ಲ ಕಲಿತುಬಿಟ್ಟಿತು.

ಟೀಚರಮ್ಮ ಆ ಕೀರ್ತನೆಯ ಹಾಳೆ ತಂದುಕೊಟ್ಟರು. ದೊಡ್ಡಪ್ಪ ಅದನ್ನು ದಿಂಬಿನ ಕೆಳಗಿಟ್ಟರೇ ಹೊರತು ಮುಟ್ಟಲಿಲ್ಲ. ಮೊದಲ ಸಲ ಎಲ್ಲರ ಎದುರಿಗೇ ಓದಬೇಕಂತೆ! "ಒಂದ್ಸಲ ಅಭ್ಯಾಸ ಮಾಡ್ಕೊಳ್ಳಿ" ಎಂದು ನಾನು ತಲೆ ಚಚ್ಚಿಕೊಂಡೆ. ಗೋಡೆಗೆ ಹೇಳಿದಂತಾಯಿತು.

ಅವರ ಸರದಿಯ ಹಿಂದಿನ ದಿನ, ಶನಿವಾರ ಮಧ್ಯಾಹ್ನ, ದೊಡ್ಡಮ್ಮ ಅಡುಗೆಗೆ ಎರಡು ಸಲ ಉಪ್ಪು ಹಾಕಿದಳು. ಯಾಕೆಂದು ಕೇಳಿದ್ದಕ್ಕೆ ಸೆರಗಿನಿಂದ ಮುಖ ಒರೆಸಿಕೊಂಡು, "ಆ ಕೀರ್ತನೇಲಿ ಒಂದು ಮಾತು ನಂದು ಕಣೇ" ಎಂದಳು.

"ಯಾವುದು? ಎದ್ದೇಳು ಅನ್ನೋದಾ?"

"ಅವತ್ತು ಓದ್ತಾ ಓದ್ತಾ ಬಾಯಿಗೆ ಬಂತು, ಅಂದುಬಿಟ್ಟೆ. ಅದನ್ನೇ ನಂಬಿ ಎದ್ದು ಕೂತರು. ಆಮೇಲೆ ನಂದು ಅಂತ ಹೇಗೆ ಹೇಳಲಿ? ನಾಳೆ ಇಲ್ಲ ಅಂತ ಗೊತ್ತಾದ್ರೆ ಮತ್ತೆ ಗೋಡೆ ಕಡೆ ತಿರುಗಿ ಮಲಗಿಬಿಟ್ರೆ?"

"ಇವತ್ತೇ ಹೇಳಿಬಿಡು ದೊಡ್ಡಮ್ಮ."

ಸಂಜೆ ಮೂರು ಸಲ ಅವರ ಬಳಿ ಹೋದಳು. ಮೂರು ಸಲವೂ ಟೀ ಬೇಕಾ ಎಂದು ಕೇಳಿ ವಾಪಸು ಬಂದಳು.

ಭಾನುವಾರ ದೊಡ್ಡಪ್ಪ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ಪಾದ್ರಿ ಅಯ್ಯನವರ ಪಕ್ಕ ಸಭೆಯ ಮುಂದೆ ನಿಂತರು. ಹಾಳೆಯ ಮೇಲೆ ಕಿರುಬೆರಳಿಟ್ಟು, ಇಟ್ಟಿಗೆ ಜೋಡಿಸುವ ಹಾಗೆ ಒಂದೊಂದೇ ಪದ ಓದತೊಡಗಿದರು. ಅವರ ದನಿ ಅಷ್ಟು ತೆರೆದುಕೊಂಡಿದ್ದನ್ನು ನಾನು ಕೇಳಿರಲಿಲ್ಲ. ಆ ಜಾಗ ಹತ್ತಿರವಾದಂತೆ ದೊಡ್ಡಮ್ಮ ನನ್ನ ಕೈಯನ್ನು ಹಿಂಡತೊಡಗಿದಳು. ಬೆರಳು ನಿಂತಿತು. ಹಿಂದೆ ಹೋಯಿತು, ಮತ್ತೆ ಮುಂದೆ ಬಂತು, ಮತ್ತೆ ಹಿಂದೆ ಹೋಯಿತು.

"ಸಾಲು ತಪ್ಪಿತಾ? ಒಂದು ಸಾಲು ಕೆಳಗೆ ಬನ್ನಿ" ಎಂದರು, ಅವರ ಓದು ಕೇಳಲೆಂದೇ ಬಂದಿದ್ದ ಟೀಚರಮ್ಮ ಮೆಲ್ಲಗೆ.

"ಇಲ್ಲ ಟೀಚರಮ್ಮ. ಸಾಲು ಸಿಕ್ಕಿದೆ" ಎಂದರು ದೊಡ್ಡಪ್ಪ. ಆಮೇಲೆ ಕೀರ್ತನೆಯನ್ನು ಕೊನೆಯ ಪದದವರೆಗೂ ಓದಿ, ಹಾಳೆ ಮಡಚದೆ ಹಾಗೇ ನಿಂತರು.

"ಈ ವಾಕ್ಯಕ್ಕಾಗಿ ದೇವರಿಗೆ ಸ್ತೋತ್ರ" ಎಂದರು. "ಕಣ್ಣಿದ್ದಾಗ ನಾನು ಇದನ್ನ ತೆರೀಲಿಲ್ಲ. ಕಣ್ಣು ಹೋದ ಮೇಲೆ ಇದೇ ನನ್ನ ಹತ್ರ ಬಂತು. ಇನ್ನೊಂದು ಮಾತು, ಅಯ್ಯನವರು ಕ್ಷಮಿಸಬೇಕು. ನನ್ನ ಮನೆಯವಳು ಇದರ ಮಧ್ಯೆ ತನ್ನದೊಂದು ಇಟ್ಟಿಗೆ ಸೇರಿಸಿದಾಳೆ. ನಲವತ್ತು ವರ್ಷದ ಮೇಸ್ತ್ರಿ ನಾನು, ಎರಡು ವರ್ಷ ಕೇಳಿದ್ರೂ ಸಂದು ಗೊತ್ತಾಗಲಿಲ್ಲ. ಅಂಥ ಕೈಗೆಲಸದವಳನ್ನ ಕೊಟ್ಟಿದ್ದಕ್ಕೂ ಸ್ತೋತ್ರ."

ಅಯ್ಯನವರೇ ಮೊದಲು ನಕ್ಕಿದ್ದು. ಆಮೇಲೆ ಸಭೆಯೆಲ್ಲ ನಕ್ಕು, ಹಾಗೇ ಹಾಡಿಗೆ ಎದ್ದು ನಿಂತಿತು. ದೊಡ್ಡಮ್ಮ ಅಳುತ್ತಲೇ ಎಲ್ಲರಿಗಿಂತ ಜೋರಾಗಿ, ಎಲ್ಲರಿಗಿಂತ ಅಪಸ್ವರದಲ್ಲಿ ಹಾಡಿದಳು. ನಾನೂ ಹಾಡಿದೆ. ಅಷ್ಟು ಸಂತೋಷದ ಆರಾಧನೆ ನನಗೆ ಬೇರೆ ನೆನಪಿಲ್ಲ.

ಈಗ ಮನೆಯಲ್ಲಿ ಸಂಜೆ ಓದುವವರು ದೊಡ್ಡಪ್ಪನೇ. ಹೆಂಡತಿಯ ಮಾತ್ರೆಯ ವಚನ ಎಲ್ಲಿದೆ ಎಂದು ಇನ್ನೂ ಹುಡುಕುತ್ತಿದ್ದಾರೆ. ಆ ಕೀರ್ತನೆಯ ಸರದಿ ಬಂದಾಗ ಮಾತ್ರ, ನಡುವೆ ಆ ಜಾಗದಲ್ಲಿ ಕಿರುಬೆರಳು ಎತ್ತಿ ಸುಮ್ಮನೆ ಕೂರುತ್ತಾರೆ. ಒಲೆಯ ಮುಂದೆ ಎಷ್ಟೇ ಕೆಲಸವಿರಲಿ, ದೊಡ್ಡಮ್ಮ ಬಂದು ತನ್ನ ಮಾತು ಹೇಳಬೇಕು. ಹೇಳುವವರೆಗೂ ಆ ಬೆರಳು ಮುಂದಿನ ಸಾಲಿಗೆ ಹೋಗುವುದಿಲ್ಲ.