ಬಲದ್ದು ಮೊದಲು ಹತ್ತಬೇಕು

ನನಗೆ ಸಿಟ್ಟು ಬೇಗ ಬರುತ್ತದೆ. ಮೆಲ್ಕಾರಿನಲ್ಲಿ ಇಪ್ಪತ್ತು ವರ್ಷ ಗಾಡಿಗಳ ವಯರಿಂಗ್ ಕೆಲಸ ಮಾಡಿದವನು ನಾನು. ಪಕ್ಕದಲ್ಲಿ ನಿಂತು ಬುದ್ಧಿ ಹೇಳುವ ಗಿರಾಕಿಗಳಿಗೆ ಸ್ಪ್ಯಾನರ್ ತೋರಿಸಿ ಹೊರಗೆ ಕಳಿಸಿದ್ದುಂಟು. ಒಬ್ಬರ ಮಾತನ್ನು ಮಾತ್ರ ತಲೆ ತಗ್ಗಿಸಿ ಕೇಳಿದೆ. ಅದೇ ಕುತ್ತಿಗೆಗೆ ಬಂತು.

ಅವರನ್ನು ಊರೆಲ್ಲ ಕಾಕ ಎಂದೇ ಕರೆಯುತ್ತಿದ್ದದ್ದು. ಸಿದ್ಧಕಟ್ಟೆ ಕಡೆಯವರು, ಗಲ್ಫಿನಲ್ಲಿ ಹದಿನೆಂಟು ವರ್ಷ ಲಾರಿ ಓಡಿಸಿ ಬಂದವರು. ಅವರು ಅಲ್ಲಿದ್ದಾಗಲೇ ಇಲ್ಲಿ ಅವರ ಹೆಂಡತಿ ಹೆರಿಗೆ ನೋವಿನಲ್ಲಿ, ಬಾಡಿಗೆ ಜೀಪಿನ ಹಿಂದಿನ ಸೀಟಿನಲ್ಲಿ, ಆಸ್ಪತ್ರೆ ಸೇರುವ ಮೊದಲೇ ತೀರಿಕೊಂಡಿದ್ದರು. ಎದುರು ಬಂದ ಬಸ್ಸುಗಳು ಒಂದೂ ದಾರಿ ಬಿಡಲಿಲ್ಲವಂತೆ. ಕಾಕ ಊರಿಗೆ ಬಂದವರೇ ಹರಾಜಿನಲ್ಲಿ ಪೊಲೀಸರ ಹಳೇ ಅಂಬಾಸಿಡರ್ ಹಿಡಿದರು. ಹಿಂದಿನ ಸೀಟು ಕಿತ್ತು ಮಂಚ ಹಾಕಿಸಿದರು. ಜಾತಿ ಧರ್ಮ ನೋಡದೆ, ಯಾರಿಗೆ ಹುಷಾರಿಲ್ಲ ಎಂದರೂ ಪುಕ್ಕಟೆ ಆಸ್ಪತ್ರೆಗೆ ಮುಟ್ಟಿಸುವುದು ಅವರ ಹರಕೆ.

ಬಾಗಿಲಿನ ಮೇಲಿನ ಪೊಲೀಸ್ ಎಂಬ ಅಕ್ಷರ ಕೆರೆದು ಬಣ್ಣ ಹೊಡೆದಿದ್ದರೂ ಬಿಸಿಲು ಓರೆಯಾಗಿ ಬಿದ್ದರೆ ಓದಲು ಬರುತ್ತಿತ್ತು. ಆ ಕಾರನ್ನು ನನ್ನ ಅಂಗಡಿಯೆದುರು ನಿಲ್ಲಿಸಿ, ಮುಂದಿನ ಎರಡು ಹೆಡ್‌ಲೈಟೂ ಒಂದಾದ ಮೇಲೊಂದು ಹತ್ತಿ ಆರಬೇಕು, ಗಲ್ಫಿನ ಪೊಲೀಸ್ ಗಾಡಿಗಳಲ್ಲಿ ನೋಡಿದ್ದೇನೆ ಎಂದರು. ಇಲ್ಲಿನ ಪೊಲೀಸರು ಹಿಡಿದರೆ ಎಂದೆ. ಅವರದ್ದೇ ಕಾರಲ್ಲವಾ ಮಾರಾಯ, ಗುರುತು ಸಿಕ್ಕಿ ಬಿಟ್ಟುಬಿಡುತ್ತಾರೆ ಎಂದು ನಕ್ಕರು.

ಕೆಲಸ ದೊಡ್ಡದಲ್ಲ. ಕರೆಂಟನ್ನು ಒಮ್ಮೆ ಈ ದೀಪಕ್ಕೆ, ಒಮ್ಮೆ ಆ ದೀಪಕ್ಕೆ ಕಳಿಸಲು ಒಂದು ರಿಲೇ. ಆ ರಿಲೇಯನ್ನು ಎಳೆದು ಬಿಡಲು ಇಂಡಿಕೇಟರಿಗೆ ಹಾಕುವಂಥ ಒಂದು ಫ್ಲಾಶರ್ ಡಬ್ಬಿ. ಮಧ್ಯಾಹ್ನದೊಳಗೆ ಮುಗಿಸಿ ಸ್ವಿಚ್ ಒತ್ತಿದೆ. ಎಡದ್ದು ಹತ್ತಿತು, ಆಮೇಲೆ ಬಲದ್ದು. ಕಾಕನ ಮುಖ ಸಣ್ಣದಾಯಿತು.

"ಬಲದ್ದು ಮೊದಲು ಹತ್ತಬೇಕು. ಒಳ್ಳೆ ಕೆಲಸಕ್ಕೆ ಹೊರಡುವ ಗಾಡಿ ಇದು" ಎಂದರು.

ಬೇರೆ ಯಾರಾದರೂ ಆಗಿದ್ದರೆ ಬೈಯುತ್ತಿದ್ದೆ. ಆದರೆ ನಾನೂ ಬಲಗಾಲಿಟ್ಟೇ ಅಂಗಡಿಯ ಬಾಗಿಲು ದಾಟುವವನು. ಗಣಪತಿಗೆ ಕೈ ಮುಗಿಯುವವನಿಗೂ ಬಿಸ್ಮಿಲ್ಲಾ ಹೇಳುವವನಿಗೂ ನಮ್ಮಲ್ಲಿ ಎಡ ಎಂದರೆ ಎಡವಟ್ಟೇ. ಮರುಮಾತಾಡದೆ ರಿಲೇಯ ಎರಡು ವಯರುಗಳನ್ನು ಅದಲುಬದಲು ಮಾಡಿದೆ. ಬಲದ್ದು ಮೊದಲು ಹತ್ತಿತು. ಕಾಕ ನನ್ನ ಬೆನ್ನು ತಟ್ಟಿದರು.

ಹಾಗೆ ಮಾಡಿದರೆ ಏನಾಗುತ್ತದೆ ಎಂದು ನನಗೆ ಗೊತ್ತಿತ್ತು. ಸುಳ್ಳು ಹೇಳುವುದಿಲ್ಲ, ಆ ಹೊತ್ತಿಗೇ ಹೊಳೆದಿತ್ತು. ಫ್ಲಾಶರ್ ರಿಲೇಯನ್ನು ಎಳೆದಾಗ ಹತ್ತುವುದು ಮೊದಲ ದೀಪ, ಬಿಟ್ಟಾಗ ಹತ್ತುವುದು ಎರಡನೆಯದು. ಫ್ಲಾಶರ್ ಸುಟ್ಟುಹೋದರೆ ಎಳೆಯುವವರಿಲ್ಲ, ಬಲದ ದೀಪವೂ ಹೋಗುತ್ತದೆ, ಎಡದ್ದೊಂದೇ ಉರಿಯುತ್ತಾ ಇರುತ್ತದೆ. ನಮ್ಮ ರಸ್ತೆಯಲ್ಲಿ ಎಡದ ದೀಪ ಎಂದರೆ ಚರಂಡಿ ಬದಿಯ ದೀಪ. ಎದುರಿನಿಂದ ಬರುವವನಿಗೆ ಕಾರು ಕಾಣುವುದಿಲ್ಲ, ಬದಿಯಲ್ಲಿ ಬರುವ ಬೈಕ್ ಕಾಣುತ್ತದೆ. ಇನ್ನೊಂದು ರಿಲೇ ಹಾಕಿದ್ದರೆ ಮುಗಿಯುತ್ತಿತ್ತು. ಅಂಗಡಿಯಲ್ಲಿ ಇರಲಿಲ್ಲ, ಬಂಟ್ವಾಳ ಪೇಟೆಗೆ ಹೋಗಿ ತರಬೇಕಿತ್ತು. ಫ್ಲಾಶರ್ ಹೊಸತಲ್ಲವಾ ಎಂದುಕೊಂಡು ಊಟಕ್ಕೆ ಹೋದೆ.

ಎರಡು ವರ್ಷ ಆ ಕಾರು ಓಡಿತು. ಹಾವು ಕಚ್ಚಿದವರು, ಮರದಿಂದ ಬಿದ್ದವರು, ಬಸುರಿಯರು. ಕಣ್ಣು ಹೊಡೆಯುವ ಕಾರು ಎಂದು ಜನ ತಮಾಷೆ ಮಾಡಿದರೂ ಬಸ್ಸಿನವರು ದೂರದಿಂದಲೇ ಬದಿಗೆ ಸರಿಯುತ್ತಿದ್ದರು. ನಾನೇ ಮಾಡಿದ್ದು ಎಂದು ಹೇಳಿಕೊಂಡು ತಿರುಗಿದೆ.

ಆಟಿ ತಿಂಗಳ ಒಂದು ಬೆಳಿಗ್ಗೆ, ಇನ್ನೂ ಸರಿಯಾಗಿ ಬೆಳಕು ಹರಿಯದ ಹೊತ್ತು, ಜೋರು ಮಳೆ. ಎದೆನೋವು ಬಂದ ಮುದುಕರೊಬ್ಬರನ್ನೂ ಅವರ ಮಗನನ್ನೂ ಕೂರಿಸಿಕೊಂಡು ಕಾಕ ಮೂಡುಬಿದಿರೆಗೆ ಹೊರಟಿದ್ದರು. ತಿರುವಿನಲ್ಲಿ ಎದುರಿನಿಂದ ಬಂದ ಮೊದಲನೇ ಟ್ರಿಪ್ಪಿನ ಬಸ್ಸು ಕಾರಿನ ಬಲಬದಿಯನ್ನು ಸಿಗಿದುಕೊಂಡು ಹೋಯಿತು. ಮುದುಕರು, ಮಗ ಉಳಿದರು. ಕಾಕ ಸ್ಟಿಯರಿಂಗಿನ ಮೇಲೆಯೇ ಹೋದರು.

ಬಸ್ಸಿನ ಡ್ರೈವರನ್ನು ಜನ ರಸ್ತೆಯಲ್ಲೇ ಹೊಡೆದರು. ಒಂದೇ ಲೈಟ್ ಇದ್ದದ್ದು, ಬೈಕ್ ಎಂದು ತಿಳಿದೆ ಎಂದು ಅವನು ಕೂಗಿದನಂತೆ. ಯಾರು ನಂಬುತ್ತಾರೆ? ಮನೆಯಿಂದ ಹೊರಡುವಾಗ ಎರಡೂ ಲೈಟ್ ಹೊಡೆಯುತ್ತಿತ್ತು ಎಂದು ಮುದುಕರ ಮಗ ಹೇಳಿದ. ಅದೂ ನಿಜವೇ.

ಮರುದಿನ ಕಾರಿನ ಬ್ಯಾಟರಿ ಕಳಚಲು ಪೊಲೀಸರು ನನ್ನನ್ನೇ ಕರೆಸಿದರು. ಠಾಣೆಯ ಅಂಗಳದಲ್ಲಿ ಅದು ಬಿದ್ದಿತ್ತು. ಒಂದು ಕಾಲಕ್ಕೆ ಅದೇ ಅಂಗಳದ ಕಾರು. ಬಾನೆಟ್ ಎತ್ತಿದೆ. ಫ್ಲಾಶರ್ ಡಬ್ಬಿ ಸುಟ್ಟು ಕಪ್ಪಾಗಿತ್ತು. ಪೇದೆ ಬೀಡಿ ಹಚ್ಚಲು ಆಚೆ ತಿರುಗಿದ. ಡಬ್ಬಿಯನ್ನೂ ರಿಲೇಯನ್ನೂ ಕಿತ್ತು ಚಡ್ಡಿಯ ಜೇಬಿಗೆ ಹಾಕಿ, ವಯರುಗಳನ್ನು ರಿಲೇ ಹಾಕುವ ಮೊದಲು ಇದ್ದ ಹಾಗೆ ಜೋಡಿಸಿ ಟೇಪ್ ಸುತ್ತಿದೆ. ಆಮೇಲೆ ಪರೀಕ್ಷೆಗೆ ಬಂದವರಿಗೆ ಕಾರಿನಲ್ಲಿ ದೋಷ ಸಿಗಲಿಲ್ಲ. ಬಸ್ಸಿನವನಿಗೆ ಜೈಲಾಯಿತು, ಲೈಸೆನ್ಸೂ ಹೋಯಿತು. ಡಬ್ಬಿ ಕಿತ್ತ ಆ ದಿನವೇ ನಾನು ಕಾಕನ ಮಯ್ಯತ್ತಿನ ಹಿಂದೆ ನಡೆದು ಮಣ್ಣು ಹಾಕಿ ಬಂದೆ. ಥೂ ನನ್ನ ಜನ್ಮಕ್ಕೆ.

ನಾಲ್ಕೈದು ವರ್ಷ ಕಳೆದಿರಬೇಕು. ಒಂದು ಮಧ್ಯಾಹ್ನ ಬಿಳಿ ಲುಂಗಿಯ ಸಪೂರ ಮನುಷ್ಯನೊಬ್ಬ ಬಂದು ನಿಂತ. ಇಂಥ ಬಸ್ಸಿನ ಡ್ರೈವರ್ ಆಗಿದ್ದೆ, ಊರು ಕೊಕ್ಕಡ, ಈಗ ರಬ್ಬರ್ ಹಾಲು ತೆಗೆಯಲು ಹೋಗುತ್ತೇನೆ ಎಂದು ತನ್ನ ಗುರುತು ಹೇಳಿಕೊಂಡ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡ ಹಾಗೆ ನಾನು ಮೇಜಿನ ಡ್ರಾವರನ್ನು ಮೊಣಕಾಲಿನಿಂದ ಒತ್ತಿ ಹಿಡಿದೆ. ಆ ಸುಟ್ಟ ಡಬ್ಬಿ ಅದರೊಳಗೇ ಇತ್ತು. ಬಿಸಾಡಲು ಯಾಕೋ ಕೈ ಬಂದಿರಲಿಲ್ಲ.

"ಕೇಸು ಎಲ್ಲ ಮುಗಿದಿದೆ ಅಣ್ಣ, ನಾನು ಯಾರಿಗೂ ಹೇಳ್ಲಿಕ್ಕಿಲ್ಲ. ನನಗೊಬ್ಬನಿಗೆ ಗೊತ್ತಾದ್ರೆ ಸಾಕು" ಎಂದ. "ನನಗೆ ಕಂಡದ್ದು ಒಂದೇ ಲೈಟ್. ಆ ಕಾರಿನ ಕೆಲಸ ಮಾಡಿದ್ದು ನೀವಂತೆ. ಹಾಗೆ ಆಗ್ಲಿಕ್ಕೆ ಉಂಟಾ?"

ಉಂಟು ಎಂದು ಒಂದು ಮಾತು ಸಾಕಿತ್ತು. ಪೊಲೀಸರಿಲ್ಲ, ಕೋರ್ಟಿಲ್ಲ, ಅಂಗಡಿಯಲ್ಲಿ ಮೂರನೆಯವರಿಲ್ಲ. ಅವನು ಕೈಕಟ್ಟಿ ನಿಂತಿದ್ದ.

"ಆಗ್ಲಿಕ್ಕಿಲ್ಲ. ಎರಡೂ ಉರೀತಿತ್ತು. ಮಳೆಯಲ್ಲಿ ನಿಮಗೆ ಕಾಣಲಿಲ್ಲ, ಅಷ್ಟೇ" ಎಂದೆ.

ಅವನು ಜಗಳಕ್ಕೆ ಬಂದಿದ್ದರೆ ನನಗೆ ಸುಲಭವಾಗುತ್ತಿತ್ತು, ಸಿಟ್ಟು ಮಾಡುವುದು ಗೊತ್ತಿತ್ತಲ್ಲ.

"ಇಷ್ಟು ವರ್ಷ ಹೆಂಡತಿ ಹತ್ರ ಜಗಳ ಮಾಡಿದೆ, ಒಂದೇ ಇತ್ತು, ಒಂದೇ ಇತ್ತು ಅಂತ" ಎಂದ. "ಕೆಲಸ ಗೊತ್ತಿದ್ದವರು ನೀವು ಹೇಳಿದ ಮೇಲೆ ಆಯ್ತು. ಇವತ್ತು ಹೋಗಿ ಅವಳಿಗೆ ಹೇಳ್ತೇನೆ, ಕೊಂದದ್ದು ನಾನೇ ಅಂತ."

ನನಗೆ ಕೈ ಮುಗಿದು, ರಸ್ತೆ ದಾಟಿ, ಉಪ್ಪಿನಂಗಡಿ ಬಸ್ಸಿಗೆ ಕೈ ಅಡ್ಡ ಹಿಡಿದ. ಬಸ್ಸು ಸುಮಾರು ಹೊತ್ತು ನಿಂತಿತ್ತು. ನಾನು ಕರೆಯಲಿಲ್ಲ.