ನೋಡಿದ್ದನ್ನು ಮೊದಲು ಅಳಿಸು

ಅತ್ತಿಗೇ, ಅಣ್ಣನ ದನಿಯನ್ನು ಅಳಿಸಿದ್ದು ನೀವಲ್ಲ — ನಾನು. ಆರು ವರ್ಷದಿಂದ ಇದು ನನಗೆ ಗೊತ್ತು. ಗೊತ್ತಿದ್ದೂ ಬಾಯಿಬಿಡಲಿಲ್ಲ.

ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದ ನಾನು, ಆಫೀಸಿನವರು ಮೂಲೆಗೆಸೆದ ಕಂಪ್ಯೂಟರನ್ನು ಕೇಳಿ ಪಡೆದು ಮಾದಾಪುರದ ನಮ್ಮ ಮನೆಗೆ ಹೊತ್ತು ತಂದೆ. ಲಿನಕ್ಸ್ ಸಾಫ್ಟ್‌ವೇರ್ ಹಾಕಿ, ಟಿವಿ ಸಿಗ್ನಲ್ ಹಿಡಿಯುವ ಟ್ಯೂನರ್ ಕಾರ್ಡ್ ಚುಚ್ಚಿ, ಟಿವಿಯಲ್ಲಿ ಬಂದದ್ದನ್ನು ತಾನೇ ರೆಕಾರ್ಡ್ ಮಾಡಿಕೊಳ್ಳುವಂತೆ ಮಾಡಿದಾಗ ನನ್ನ ಜಂಬ ಕೇಳಬೇಕೆ! ಆ ಬೇಸಿಗೆಯ ಹಾಕಿ ಪಂದ್ಯಕ್ಕೆ ಅಣ್ಣನದೇ ಕಾಮೆಂಟರಿ. ಲೋಕಲ್ ಕೇಬಲಿನಲ್ಲಿ ಬಂದದ್ದು ನಮ್ಮ ಪೆಟ್ಟಿಗೆಯಲ್ಲಿ ಉಳಿಯಿತು. ಕೊನೆಗೆ ಮೈಕಿನಲ್ಲೇ ಅವನು ನಿಮ್ಮನ್ನು ಕೂಗಿ, "ಸರೋಜಾ, ಅಕ್ಕಿ ಹಾಕೇ, ಮ್ಯಾಚ್ ಮುಗೀತು!" ಎಂದದ್ದಕ್ಕೆ ಇಡೀ ಮೈದಾನ ನಕ್ಕಿತ್ತು. ಮಳೆ ಹಿಡಿಯುವ ಮೊದಲೇ ಅಣ್ಣ ತೀರಿಹೋದ. ಅವನ ದನಿ ಬೇರೆಲ್ಲೂ ಇರಲಿಲ್ಲ. ನೀವು ದಿನಾ ಸಂಜೆ ಅದನ್ನೇ ಹಾಕಿಕೊಂಡು ಕೂರುತ್ತಿದ್ದಿರಿ.

ಕಾಫಿ ಕುಯ್ಯುವ ಪಿಕಿಂಗ್ ಕಾಲದಲ್ಲಿ ಒಂದು ಸಂಜೆ ನೋಡಿದರೆ ಅದಿಲ್ಲ.

ನನಗೆ ಎಲ್ಲರ ಮೇಲೂ ಗುಮಾನಿ. ಸೀರಿಯಲ್ಲಿಗೆ ಜಾಗ ಬೇಕೆಂದು ನನ್ನ ಹೆಂಡತಿ ತೆಗೆದಳೇ? ಇಲ್ಲ — ರಿಮೋಟ್ ಇರುತ್ತಿದ್ದದ್ದು ನಿಮ್ಮ ಕೈಯಲ್ಲಿ. ಅಕ್ಕಪಕ್ಕದ ಮನೆಯವರು ಕೂತಿದ್ದಾಗಲೇ ಗದರಿದೆ: "ಏನ್ ಒತ್ತಿದ್ರಿ ಅತ್ತಿಗೆ? ನಿಜ ಹೇಳಿ."

"ಏನೂ ಒತ್ಲಿಲ್ಲ ಕಣಪ್ಪಾ... ಒತ್ಬಿಟ್ನೇನೋ... ಅಯ್ಯೋ, ನನ್ ಕೈ ಸೇದೋಗ!"

ನಿಮ್ಮನ್ನು ಹಿಡಿದುಹಾಕಲೆಂದೇ ಮರುದಿನ ಲಾಗ್ ತೆರೆದೆ — ಯಾವ ಹೊತ್ತಿಗೆ ಏನಾಯಿತೆಂದು ಕಂಪ್ಯೂಟರ್ ತಾನೇ ಬರೆದಿಡುತ್ತದೆ. ಅಳಿಸಿದ್ದು ಹಿಂದಿನ ದಿನ ಬೆಳಿಗ್ಗೆ ಹನ್ನೊಂದಕ್ಕೆ. ಆಗ ನೀವು ನನ್ನ ಕಣ್ಣೆದುರೇ ತೋಟದಲ್ಲಿ ಕಾಫಿ ಕುಯ್ಯುತ್ತಿದ್ದಿರಿ, ಮನೆಗೆ ಬೀಗ. ಅಳಿಸಿದ್ದು ಯಂತ್ರ. ಡಿಸ್ಕ್ ತುಂಬಿದರೆ ನೋಡಿ ಮುಗಿಸಿದ್ದನ್ನು ಮೊದಲು ತೆಗೆ ಎಂದು ಅದಕ್ಕೆ ಹೇಳಿಕೊಟ್ಟವನು ನಾನು. ಅಣ್ಣನದನ್ನು ಮುಟ್ಟಬೇಡ ಎಂದು ಒಂದು ಗುರುತು ಹಾಕಿದ್ದರೆ ಸಾಕಿತ್ತು — ನಾಳೆ, ನಾಳೆ ಎಂದು ಬಿಟ್ಟಿದ್ದೆ. ನೀವು ದಿನಾ ಕೊನೆಯವರೆಗೂ ನೋಡುತ್ತಿದ್ದಿರಲ್ಲ, ಅದಕ್ಕೇ ಅದು ಮೊದಲು ಹೋಯಿತು.

"ಏನಾರ ಗೊತ್ತಾಯ್ತಾ?" ಎಂದು ಬಾಗಿಲಲ್ಲಿ ನಿಂತು ಕೇಳಿದಿರಿ. ಹೇಳಬಹುದಿತ್ತು. ಆದರೆ ಜಂಬ ಅತ್ತಿಗೆ, ಬರೀ ಜಂಬ... "ಬಿಡಿ, ಆದದ್ದಾಯ್ತು" ಎಂದು ದೊಡ್ಡ ಮನುಷ್ಯನಂತೆ ಕ್ಷಮಿಸಿದೆ — ನಿಮ್ಮನ್ನು! ನೆನೆದರೆ ನಾಚಿಕೆಯಾಗುತ್ತದೆ.

ಆಮೇಲೆ ಕಳ್ಳನ ಮನಸ್ಸು ಹುಳ್ಳುಳ್ಳಗೆ. ನೀವು ಸುಮ್ಮನೆ ನನ್ನತ್ತ ನೋಡಿದರೂ — ಗೊತ್ತಾಗಿಬಿಟ್ಟಿತೇ? ಹೆಂಡತಿಯೊಡನೆ ಮೆಲ್ಲಗೆ ಮಾತಾಡಿದರೂ — ನನ್ನ ವಿಷಯವೇ? ನಿಮಗೆ ತಿಳಿದಿರಲೇ ಇಲ್ಲ. ಮೊನ್ನೆ ನಾನು ನಿಮಗೆ ಹೊಸ ಫೋನ್ ಕೊಡಲು ಬಂದಾಗ ನೀವು ಕೈ ಹಿಂದಕ್ಕೆಳೆದುಕೊಂಡು, "ಬ್ಯಾಡ ಕಣಪ್ಪಾ, ನಿಮ್ಮಣ್ಣನ್ನೇ ಅಳಿಸ್ದ ಕೈ ಇದು" ಎಂದಿರಿ. ಅಂದು ರಾತ್ರಿಯೇ ಕೂತು ಇದನ್ನು ಬರೆಯತೊಡಗಿದೆ.

ಅಂದು ಯಾರ್ಯಾರ ಎದುರು ನಿಮ್ಮನ್ನು ಗದರಿದ್ದೆನೋ, ಅವರನ್ನೆಲ್ಲ ಈ ಭಾನುವಾರ ಮನೆಗೆ ಕರೆದಿದ್ದೇನೆ. ಏಕೆಂದು ಹೇಳಿಲ್ಲ. ಎಲ್ಲರೂ ಕೂತ ಮೇಲೆ ಇದನ್ನು ನಾನೇ ಜೋರಾಗಿ ಓದುತ್ತೇನೆ, ಮೊದಲ ಸಾಲಿನಿಂದ.