ಸುಳ್ಳು ಪಾಪಗಳ ತರಗತಿಯ ಗುರುಗಳು

ನಮ್ಮ ಗುರುಮಠದಲ್ಲಿ ಮೂವತ್ತನಾಲ್ಕು ವರ್ಷ ನೀತಿಶಾಸ್ತ್ರ ಕಲಿಸಿ, ಇನ್ನೂರಕ್ಕೂ ಹೆಚ್ಚು ಕ್ರೈಸ್ತ ಗುರುಗಳನ್ನು ತಯಾರು ಮಾಡಿ, ಈ ತಿಂಗಳು ನಿವೃತ್ತರಾಗುತ್ತಿರುವ ಪೂಜ್ಯ ಫಾದರ್ ಅವರ ಪಾಂಡಿತ್ಯದ ಬಗ್ಗೆ ಈ ಅಭಿನಂದನಾ ಗ್ರಂಥದಲ್ಲಿ ಕಲಿತವರು ಬರೆದಿದ್ದಾರೆ. ನಾನು ನಾಲ್ಕನೇ ತರಗತಿಯ ಬಾಗಿಲಿನವರೆಗೆ ಹೋಗಿ ಬಂದವನು. ಆ ಬಾಗಿಲು ಸರಿಯಾಗಿ ಮುಚ್ಚುತ್ತಿರಲಿಲ್ಲ, ಅದನ್ನು ನೋಡಿಯೇ ಬಡಗಿಯಾದೆ. ಆದರೂ ಸಂಪಾದಕರು ನನಗೆ ಪುಟ ಕೊಟ್ಟಿರುವುದಕ್ಕೆ ಕಾರಣವಿದೆ. ಫಾದರ್ ಮಾಡಿದ ಒಂದು ದೊಡ್ಡ ಕೆಲಸವನ್ನು ಅವರು ಯಾರ ಮುಂದೆಯೂ ಹೇಳುವಂತಿಲ್ಲ. ಹೇಳಬಹುದಾದವನು ನಾನೊಬ್ಬನೇ.

ಈ ಗುರುಮಠ ಹುಟ್ಟಿದ್ದು ಮುಚ್ಚಿಹೋಗಿದ್ದ ಹಗ್ಗದ ಕಾರ್ಖಾನೆಯೊಂದರಲ್ಲಿ. ತೊಂಬತ್ತು ವರ್ಷದ ಹಿಂದೆ ಇಬ್ಬರು ಗುರುಗಳು, ಏಳು ಜನ ವಿದ್ಯಾರ್ಥಿಗಳು ಇಲ್ಲಿ ಹಾಸಿಗೆ ಬಿಚ್ಚಿದರಂತೆ. ಹಗ್ಗ ಹೊಸೆಯಲು ಕಟ್ಟಿದ ಉದ್ದನೆಯ ಪಡಸಾಲೆಯೇ ಮಲಗುವ ಕೋಣೆ. ಅದೆಷ್ಟು ಉದ್ದವೆಂದರೆ, ಆ ತುದಿಯಲ್ಲಿ ಗಡ್ಡ ಬೋಳಿಸಿಕೊಂಡು ಪ್ರಾರ್ಥನೆಗೆ ಹೊರಟವರು ಈ ತುದಿ ಮುಟ್ಟುವಷ್ಟರಲ್ಲಿ ಮತ್ತೆ ಗಡ್ಡ ಬೆಳೆದಿರುತ್ತಿತ್ತು. ವಿದ್ಯಾರ್ಥಿಗಳು ನೂರಿಪ್ಪತ್ತಕ್ಕೆ ಏರಿದಾಗ ನನ್ನ ಅಪ್ಪ ಎರಡು ಅಂತಸ್ತಿನ ಮಂಚಗಳನ್ನು ಮಾಡಿದರು. ಹತ್ತೊಂಬತ್ತಕ್ಕೆ ಇಳಿದಾಗ ನಾನು ಅವನ್ನೇ ಬಿಚ್ಚಿ ಪುಸ್ತಕದ ಕಪಾಟು ಮಾಡಿದೆ. ಈ ಏರಿಳಿತದ ನಡುವೆ ಫಾದರ್ ಇಲ್ಲಿಗೆ ಮೊದಲು ವಿದ್ಯಾರ್ಥಿಯಾಗಿ, ಆಮೇಲೆ ಅಧ್ಯಾಪಕರಾಗಿ ಬಂದರು. ಯಾರನ್ನೂ ಏಕವಚನದಲ್ಲಿ ಕರೆದವರಲ್ಲ. ಅಡುಗೆಮನೆಯ ಬೆಕ್ಕು ಅಡ್ಡ ಬಂದರೂ "ನೀವು ಮೊದಲು ಹೋಗಿ" ಎಂದು ನಿಲ್ಲುತ್ತಾರೆ.

ಗುರುದೀಕ್ಷೆಗೆ ಮುಂಚೆ ವಿದ್ಯಾರ್ಥಿಗಳು ಪಾಪನಿವೇದನೆ ಕೇಳುವುದನ್ನು, ಅಂದರೆ ಜನ ಗುಟ್ಟಾಗಿ ಒಪ್ಪಿಕೊಳ್ಳುವ ಪಾಪಗಳನ್ನು ಕೇಳಿ ಕ್ಷಮಿಸುವುದನ್ನು, ಅಭ್ಯಾಸ ಮಾಡಬೇಕು. ಅಭ್ಯಾಸಕ್ಕೆ ಪಾಪಿ ಬೇಕಲ್ಲ? ಇವರೇ ಒಬ್ಬರಿಗೊಬ್ಬರು ಪಾಪಿಗಳಾದರೆ "ಬೆಳಗ್ಗೆ ತಡವಾಗಿ ಎದ್ದೆ" ಎನ್ನುವುದರ ಆಚೆಗೆ ಹೋಗುತ್ತಿರಲಿಲ್ಲ. ಫಾದರ್ ಒಂದು ದಿನ ನಾನು ಮರಗೆಲಸ ಮಾಡುವ ಕೊಟ್ಟಿಗೆಗೆ ಬಂದರು.

"ಊಟದ ಮನೇಲಿ ನೀವು ಹೇಳೋ ಕತೆ ಕೇಳಿದ್ದೀನಿ. ಪಾಪ ಕಟ್ಟಿ ಹೇಳ್ತೀರಾ?"

"ಫಾದರ್, ಎಷ್ಟು ಬೇಕು ಹೇಳಿ. ಉದ್ದ, ಅಗಲ ಎಲ್ಲಾ ಅಳತೆಗೆ ಮಾಡಿಕೊಡ್ತೀನಿ."

"ಒಂದು ಷರತ್ತು. ಇದು ಬರೀ ಅಭ್ಯಾಸ. ತರಗತೀಲಿ ಕೇಳಿದ್ದನ್ನ ಗುಟ್ಟಾಗಿಡೋ ವ್ರತ ಯಾರಿಗೂ ಇಲ್ಲ. ನಿಜವಾದದ್ದನ್ನ ಮಾತ್ರ ಅಲ್ಲಿ ಹೇಳಬೇಡಿ."

ಅಂದಿನಿಂದ ಇಪ್ಪತ್ತೆಂಟು ವರ್ಷ ನಾನು ಈ ಗುರುಮಠದ ಅಧಿಕೃತ ಪಾಪಿ. ಮೂರು ಮದುವೆಯಾದೆ, ರೈಲಿನ ಒಂದು ಬೋಗಿಯನ್ನೇ ಕದ್ದೆ, ಪಕ್ಕದ ಮನೆಯವರ ಕೋಳಿ ಕದ್ದು ಮೊಟ್ಟೆಯನ್ನು ಅವರಿಗೇ ಮಾರಿದೆ. ಈಗ ದೊಡ್ಡ ದೊಡ್ಡ ಹುದ್ದೆಯಲ್ಲಿರುವ ಗುರುಗಳೆಲ್ಲ ಮೊದಲು ಕ್ಷಮಿಸಿದ್ದು ನನ್ನನ್ನೇ.

ಹೀಗಿರುವಾಗ, ಎಂಟು ವರ್ಷದ ಹಿಂದೆ, ಒಬ್ಬ ಬ್ರದರ್, ಅಂದರೆ ಇನ್ನೂ ದೀಕ್ಷೆಯಾಗದ ವಿದ್ಯಾರ್ಥಿ, ಆ ತರಗತಿಗೆ ಬಂದರು. ಎಲ್ಲರೂ ಅವರನ್ನು ಕಿಸಕ್ ಬ್ರದರ್ ಎನ್ನುತ್ತಿದ್ದರು. ನಾನು ಬಾಯಿ ತೆಗೆದರೆ ಸಾಕು, ಅವರಿಗೆ ನಗು ತಡೆಯಲಾಗುತ್ತಿರಲಿಲ್ಲ. ಪಾಪಿಯ ಮುಂದೆ ನಗುವವರು ಗುರುವಾಗುವುದು ಹೇಗೆ? ಎರಡು ಸಲ ಪರೀಕ್ಷೆಯಲ್ಲಿ ಬಿದ್ದರು. ಮೂರನೆಯ ಸಲವೂ ನಕ್ಕರೆ ಮನೆಗೆ ಕಳಿಸುವುದೆಂದು ಗುರುಮಠದ ಮುಖ್ಯಸ್ಥರಾದ ರೆಕ್ಟರ್ ತೀರ್ಮಾನಿಸಿದರು. ನಾನು ಒಣಕಲು ಪಾಪವೊಂದನ್ನು ಹೇಳಿ ದಾಟಿಸಿಬಿಡೋಣವೆಂದೆ. ಫಾದರ್ ಒಪ್ಪಲಿಲ್ಲ. "ನಿಮ್ಮ ಹತ್ರ ಇರೋ ದೊಡ್ಡದನ್ನೇ ಹೇಳಿ. ಹೊರಗೆ ಅವರಿಗೆ ಯಾರು ಆರಿಸಿಕೊಡ್ತಾರೆ?"

ಪರೀಕ್ಷೆಯ ದಿನ ರೆಕ್ಟರ್ ಹಿಂದೆ ಕೂತರು, ಸಹಪಾಠಿಗಳು ಗೋಡೆಗುಂಟ ಕೂತರು. ನಾನು ಶುರು ಮಾಡಿದೆ. ಹೆಂಡತಿಯ ಚಿಕ್ಕಪ್ಪ ಸಾಯುತ್ತಾರೆಂದು, ಅವರು ಮಲಗಿದ್ದಾಗಲೇ ಅಳತೆ ತೆಗೆದು ಶವಪೆಟ್ಟಿಗೆ ಮಾಡಿದೆ. ಅವರು ಕಣ್ಣು ಬಿಟ್ಟು "ಭುಜದ ಹತ್ರ ಸ್ವಲ್ಪ ಅಗಲ ಮಾಡಪ್ಪ" ಎಂದರು. ಆಮೇಲೆ ಒಂಬತ್ತು ವರ್ಷ ಬದುಕಿ ಅದರಲ್ಲಿ ಕಂಬಳಿ ಇಟ್ಟುಕೊಂಡರು. ಒಳ್ಳೆಯ ಹಲಗೆ ಹಾಳಾಯಿತಲ್ಲ ಎಂದು ಪ್ರತಿ ಭಾನುವಾರ ಹೋಗಿ ಅವರ ಆರೋಗ್ಯ ವಿಚಾರಿಸಿದೆ. ಊರವರು ನನ್ನ ಪ್ರೀತಿಯನ್ನು ಹೊಗಳಿದರು. ಅದೇ ನನ್ನ ಪಾಪ.

ಕಿಸಕ್ ಬ್ರದರ್ ನಕ್ಕ ನಗೆಗೆ ಕುರ್ಚಿಯ ಕಾಲು ಕಿರುಗುಟ್ಟಿತು. ರೆಕ್ಟರ್ ಏನೋ ಬರೆದುಕೊಂಡರು. ಬ್ರದರ್ ಕಣ್ಣೊರೆಸಿಕೊಂಡು ನನ್ನ ಕಡೆ ಬಾಗಿದರು.

"ಅಣ್ಣಾ, ಇದು ಚೆನ್ನಾಗಿತ್ತು. ಈಗ ಯಾರನ್ನೂ ನಗಿಸದೇ ಇರೋದು ಒಂದಿದ್ರೆ ಹೇಳಿ."

ಇಪ್ಪತ್ತು ವರ್ಷದಲ್ಲಿ ಯಾರೂ ಕೇಳದ ಪ್ರಶ್ನೆ. ಸುಳ್ಳೊಂದನ್ನು ಹುಡುಕಿದೆ, ಸಿಗಲಿಲ್ಲ. "ಏಣಿ..." ಎಂದೆ.

ಫಾದರ್ ನನ್ನ ಮುಖ ನೋಡಿದವರೇ ಎದ್ದರು. "ತರಗತಿ ಮುಗೀತು. ಎಲ್ಲರೂ ಹೊರಗೆ ಹೋಗಿ." ರೆಕ್ಟರ್ ಹುಬ್ಬೇರಿಸಿದರು. "ತಾವೂ" ಎಂದರು ಫಾದರ್. ಬಾಗಿಲು ಹಾಕಿ, ಬ್ರದರ್ ಕೂತಿದ್ದ ಕುರ್ಚಿಯಲ್ಲಿ ತಾವು ಕೂತರು. "ಬೇಕಾದ್ರೆ ಈಗ ಹೇಳಬಹುದು. ಇದು ಅಭ್ಯಾಸ ಅಲ್ಲ. ಕೇಳಿದ್ದನ್ನ ನಾನು ಯಾರ ಮುಂದೂ ಬಾಯಿ ಬಿಡೋ ಹಾಗಿಲ್ಲ."

ಹೇಳಿದೆ. ಅದಕ್ಕೂ ಆರು ವರ್ಷದ ಹಿಂದೆ ಪ್ರಾರ್ಥನಾಲಯದ ಹಿಂದಿನ ಮರ ಸವರುವಾಗ ನಮ್ಮ ತೋಟದ ಮಾಲಿ ಏಣಿಯಿಂದ ಬಿದ್ದು ಸೊಂಟ ಮುರಿದುಕೊಂಡಿದ್ದರು. ಆ ಏಣಿಯ ಐದನೇ ಮೆಟ್ಟಿಲು ಸೀಳಿತ್ತು. ನಾನು ಅಂಟು, ಮರದ ಪುಡಿ ತುಂಬಿ ಬಣ್ಣ ಬಳಿದಿದ್ದೆ. ಅಂದು ಮುರಿದದ್ದು ಅದೇ. ಅವರನ್ನು ಆಸ್ಪತ್ರೆಗೆ ಒಯ್ದ ಹೊತ್ತಿನಲ್ಲಿ ಏಣಿಯನ್ನು ಕಡಿದು ಒಲೆಗೆ ಹಾಕಿದೆ. ಬಿಷಪ್ಪರ ಕಾರು ಬಂತೆಂದು ಮಾಲಿ ಎರಡೂ ಕೈ ಬಿಟ್ಟು ನಮಸ್ಕಾರ ಮಾಡಿದರು, ಅದಕ್ಕೇ ಬಿದ್ದರು ಎಂದು ಊಟದ ಮನೆಯಲ್ಲಿ ಕತೆ ಹೇಳಿದೆ. ಎಲ್ಲರೂ ಬಿದ್ದು ಬಿದ್ದು ನಕ್ಕರು. ಮಾಲಿಗೆ ಬಿದ್ದದ್ದರ ನೆನಪೇ ಇರಲಿಲ್ಲ. ನನ್ನ ಕತೆಯನ್ನೇ ನಂಬಿದರು.

"ನನಗೆ ಹೇಳಿದ್ದಾಯ್ತು. ಅವರಿಗೂ ಹೇಳಬೇಕು," ಎಂದರು ಫಾದರ್. "ನಗಿಸಬೇಡಿ."

ಹೇಳುತ್ತೇನೆ ಎಂದು ಬಂದೆ. ಒಂಬತ್ತು ದಿನ ಹೇಳಲಿಲ್ಲ.

ಹತ್ತನೇ ದಿನ ಕಿಸಕ್ ಬ್ರದರ್ ತಮ್ಮ ಪೆಟ್ಟಿಗೆ ಹೊತ್ತು ಕೊಟ್ಟಿಗೆಗೆ ಬಂದರು.

"ಅಣ್ಣಾ, ಈ ಕೀಲು ಸರಿ ಮಾಡಿಕೊಡಿ. ಶನಿವಾರ ಊರಿಗೆ ಹೋಗ್ತೀನಿ."

"ರಜಾನಾ?"

"ಇಲ್ಲ, ಪೂರ್ತಿ. ಏಣಿ ಅಂದಿದ್ದೂ ನಿಮ್ಮ ನಾಟಕಾನೇ ಅಂದ್ರು ರೆಕ್ಟರ್. ನಕ್ಕಿದ್ದೊಂದೇ ಲೆಕ್ಕಕ್ಕೆ ಬಂತು. 'ಬಡಗಿ ಹೇಳಿದ್ದು ನಿಜಾನಾ' ಅಂತ ಫಾದರನ್ನ ಮೂರು ಸಲ ಕೇಳಿದ್ರಂತೆ. ಅವರು ತುಟಿ ಬಿಚ್ಚಲಿಲ್ವಂತೆ."

"ನಿಜ" ಎಂಬ ಎರಡಕ್ಷರ ಹೇಳಿದ್ದರೆ, ಇಪ್ಪತ್ತು ವರ್ಷದ ಸುಳ್ಳುಗಾರನಿಂದ ನಿಜ ಹೊರಡಿಸಿದ ತಮ್ಮ ಅತ್ಯಂತ ಒಳ್ಳೆಯ ಶಿಷ್ಯನನ್ನು ಫಾದರ್ ಉಳಿಸಿಕೊಳ್ಳುತ್ತಿದ್ದರು. ಹೇಳಲಿಲ್ಲ. ಆ ಒಂಬತ್ತು ದಿನವೂ ಬೆಳಗ್ಗೆ ಕೊಟ್ಟಿಗೆಯ ಮುಂದೆ ಹಾದುಹೋಗುತ್ತಾ "ಚೆನ್ನಾಗಿದ್ದೀರಾ?" ಎಂದು ಎಂದಿನ ಹಾಗೇ ಕೇಳಿದ್ದರು. ಒಂದು ಓರೆನೋಟವಿಲ್ಲ, ಒಂದು ನಿಟ್ಟುಸಿರಿಲ್ಲ.

ಪೆಟ್ಟಿಗೆಯನ್ನು ಅಲ್ಲೇ ಬಿಟ್ಟು ಮಾಲಿಯ ಕೋಣೆಗೆ ಓಡಿದೆ. ಅವರು ಬೀಜ ಆರಿಸುತ್ತಾ ಕೂತಿದ್ದರು. ಬಿದ್ದ ಮೇಲೆ ಅವರಿಗೆ ಅದೊಂದೇ ಕೆಲಸ. ನಿಂತಲ್ಲೇ ಎಲ್ಲ ಹೇಳಿದೆ.

"ಅಂದ್ರೆ, ನಾನು ಕೈ ಬಿಟ್ಟಿರಲಿಲ್ವಾ?"

"ಇಲ್ಲ."

"ಎರಡೂ ಕೈಯಲ್ಲಿ ಹಿಡ್ಕೊಂಡಿದ್ನಾ?"

"ನೀನು ಹಿಡ್ಕೊಂಡೇ ಇದ್ದೆ. ಕೆಳಗಿಂದ ನಾನೇ ನೋಡಿದ್ದೆ."

"ಆರು ವರ್ಷ ನನ್ನ ಬುದ್ಧಿ ಕೆಟ್ಟಿದೆ ಅಂತ ಅಂದ್ಕೊಂಡಿದ್ನಲ್ಲೋ!" ಆಮೇಲೆ ಅವರು ನನಗೆ ಬೈದ ಬೈಗುಳ ಈ ಗ್ರಂಥದಲ್ಲಿ ಅಚ್ಚಾಗುವಂಥದ್ದಲ್ಲ. ಬೈದು ಮುಗಿಸಿ, ಗೋಡೆ ಹಿಡಿದು ಎದ್ದರು. "ನಡಿ ರೆಕ್ಟರ್ ಹತ್ರ. ನನ್ನ ಮುಂದೇನೇ ಹೇಳು."

ಹೇಳಿದೆ. ರೆಕ್ಟರ್ ಫಾದರನ್ನೂ ಬ್ರದರನ್ನೂ ಕರೆಸಿದರು. ಬ್ರದರಿಗೆ, "ಪೆಟ್ಟಿಗೆ ಕೋಣೆಗೆ ವಾಪಸ್ ಒಯ್ಯಿರಿ" ಎಂದರು. ಫಾದರ್ ಕನ್ನಡಕ ತೆಗೆದು ಒರೆಸಿಕೊಂಡರು. ನನ್ನತ್ತ ತಿರುಗಿ "ಚೆನ್ನಾಗಿದ್ದೀರಾ?" ಎಂದರು.

ಮಾಲಿ ಬಾಗಿಲಲ್ಲೇ ನಿಂತು, "ನಾಳೆ ನಂಗೊಂದು ಏಣಿ ಬೇಕು. ಇವನು ಮಾಡಿದ್ದಲ್ಲ, ಅಂಗಡೀದು" ಎಂದರು. ಮರುದಿನ ಬೆಳಗ್ಗೆ ಕುಂಟುತ್ತಲೇ ಮೂರು ಮೆಟ್ಟಿಲು ಹತ್ತಿದರು. ಕೆಳಗೆ ಒಂದು ಕಡೆ ಕಿಸಕ್ ಬ್ರದರ್, ಇನ್ನೊಂದು ಕಡೆ ನಮ್ಮ ಫಾದರ್ ಏಣಿ ಹಿಡಿದಿದ್ದರು. ನನಗೆ ಹತ್ತಿರ ಬರಲು ಅಪ್ಪಣೆ ಸಿಕ್ಕಿದ್ದು ಏಳು ತಿಂಗಳ ಮೇಲೆ.

ಆ ಬ್ರದರ್ ಇಂದು ಗುರುಗಳಾಗಿ ಇದೇ ತರಗತಿಯನ್ನು ವಹಿಸಿಕೊಳ್ಳುತ್ತಿದ್ದಾರೆ. ಫಾದರ್ ಪಾಠದಿಂದಷ್ಟೇ ನಿವೃತ್ತರು, ದಿನಾ ಬೆಳಗ್ಗೆ ಪ್ರಾರ್ಥನಾಲಯದಲ್ಲಿ ಕೂತು ಬಂದವರ ಪಾಪನಿವೇದನೆ ಕೇಳುವರಂತೆ. ಅವರ ಕಿವಿ ಚುರುಕಾಗಿರಲಿ, ಮಂಡಿ ಗಟ್ಟಿಯಾಗಿರಲಿ, ಆಯುಸ್ಸು ನಮ್ಮ ಪಡಸಾಲೆಗಿಂತ ಉದ್ದವಾಗಲಿ. ನಮ್ಮೆಲ್ಲರ ನಿಜಗಳು ಇನ್ನೂ ಬೇಕಾದಷ್ಟು ಬಾಕಿ ಇವೆ, ಫಾದರ್. ಸಾಲಿನಲ್ಲಿ ನಿಂತಿದ್ದೇವೆ, ನೀವು ಕೂತಿರಬೇಕು.